ಮಲಕವ್ವ ಕರೆಯುವ ಓಣಿ

ನನ್ನ ಹೆಸರು ಕಾಂಚನ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಕಾಗವಾಡ ತಾಲೂಕಿನ ಆ ಊರಿನಲ್ಲಿ ನಾವಿದ್ದಷ್ಟು ಕಾಲವೂ ಒಬ್ಬ ಮುದುಕಿ ನನ್ನನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದಳು. ನನ್ನ ಹೆಸರು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಚೆನ್ನಾಗಿ ಗೊತ್ತಿತ್ತು, ಆದರೂ ಹಾಗೆಯೇ ಕರೆಯುತ್ತಿದ್ದಳು.

ನನ್ನ ಗಂಡ ಸಂಗ್ರಾಮ ಲೈನ್‌ಮನ್. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾದ ಮೇಲೆ ಅವನ ವರ್ಗಾವಣೆಯ ಹಿಂದೆ ಪಾತ್ರೆಪಗಡ ಕಟ್ಟಿಕೊಂಡು ತಿರುಗಿದವಳು. ಹೋದಲ್ಲೆಲ್ಲ ಬಾಡಿಗೆ ಮನೆ. ಬಾಡಿಗೆಯವರ ಬಾಗಿಲಿಗೆ ಜನ ಬರುವುದಿಲ್ಲ ಎನ್ನುವಂತಿಲ್ಲ. ಕರೆಂಟ್ ಹೋದರೆ ಸಾಕು, ಊರೇ ಬಂದು ನಿಲ್ಲುತ್ತದೆ. ‘ಬಾಯಾರ, ಮೋಟಾರ ನಿಂತೈತಿ, ಸಾಹೇಬ್ರ ಎಲ್ಲಿ ಹೋಗ್ಯಾರ?’ ಎಂದು ಕೇಳುವವರೇ ಎಲ್ಲ. ಮನೆಯಲ್ಲಿ ಬಸುರಿ ಸೊಸೆಯ ಕುಬಸ ಇದೆ, ಮಗಳ ಮದುವೆ ಇದೆ, ನೀವೂ ಬರ್ರಿ ಎಂದು ಕರೆಯಲು ಬಂದವರು ಮಾತ್ರ ಇಲ್ಲ. ಪಕ್ಕದ ಅಂಗಳದಲ್ಲೇ ಹಂದರ ಹಾಕಿ ಊಟ ಬಡಿಸುತ್ತಿರುತ್ತಾರೆ, ನಾನು ಒಳಗೆ ಕೂತು ನನ್ನ ಅನ್ನ ಉಣ್ಣುತ್ತಿರುತ್ತೇನೆ. ಕರೆಯದ ಮನೆಗೆ ಹೋಗುವಷ್ಟು ನಾಚಿಕೆಗೇಡಿ ನಾನಲ್ಲ. ಆದರೆ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ಊರು ಹಳೆಯ ಊರಲ್ಲ. ಅಸಲು ಊರು ಕೃಷ್ಣೆಯ ದಂಡೆಯಲ್ಲಿತ್ತಂತೆ. ಹೊಳೆಗೆ ಮಹಾಪೂರ ಬಂದ ವರ್ಷ ಮಣ್ಣಿನ ಗೋಡೆಗಳೆಲ್ಲ ಕುಸಿದು, ಊರನ್ನು ಎತ್ತರದ ಜಾಗಕ್ಕೆ ತಂದು ಕೂಡಿಸಿದರು. ಜನ ಅದನ್ನು ಊರು ಎನ್ನುವುದೂ ಇಲ್ಲ, ‘ಪ್ಲಾಟು’ ಎನ್ನುತ್ತಾರೆ. ಚೀಟಿ ಎತ್ತಿ ಜಾಗ ಹಂಚಿದ್ದರಿಂದ ಯಾರ ಪಕ್ಕಕ್ಕೆ ಯಾರು ಬಂದರು ಎನ್ನುವುದಕ್ಕೆ ತಾಳಮೇಳ ಇಲ್ಲ. ಅಣ್ಣ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ. ರಸ್ತೆಗಳು ಮಾತ್ರ ನೇರ. ಸುತ್ತ ಕಬ್ಬು, ಶಿರಗುಪ್ಪಿಯ ಕಡೆಗೆ ಹೋಗುವ ಟ್ರ್ಯಾಕ್ಟರುಗಳ ಸದ್ದು.

ನಾವು ಬಂದು ಸಾಮಾನು ಬಿಚ್ಚಿ ಇನ್ನೂ ಸರಿಯಾಗಿ ಕೂತಿರಲಿಲ್ಲ. ಒಂದು ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಎತ್ತರದ, ಒಣಗಿದ ಮೈ, ಇಳಕಲ್ ಸೀರೆ, ಕೈಯಲ್ಲಿ ಅಕ್ಷತೆಯ ಹಿತ್ತಾಳೆ ಬಟ್ಟಲು. ಬಗ್ಗಿ ಹೊಸ್ತಿಲ ಮೇಲೆ ನಾಲ್ಕು ಕಾಳಿಟ್ಟು, ಒಂದೇ ಉಸಿರಿನಲ್ಲಿ ಹೇಳಿದಳು:

‘ಶಿವಗಂಗವ್ವಾ, ನಾಳಿಗಿ ಪಾಟೀಲರ ಮನ್ಯಾಗ ಸೊಸಿ ಕುಬಸಾ ಐತಿ. ಮನಿಮಂದಿ ಎಲ್ಲಾರೂ ಬರಬೇಕು. ತಪ್ಪಸಬ್ಯಾಡ.’

ನನಗೆ ಎದೆ ತುಂಬಿ ಬಂತು, ಮರುಕ್ಷಣವೇ ಸಿಟ್ಟೂ ಬಂತು. ಕರೆ ಬಂದದ್ದು ನನ್ನ ಬಾಗಿಲಿಗೆ, ಹೆಸರು ಮಾತ್ರ ಬೇರೆ ಯಾರದೋ.

‘ಆಯಿ, ಇಲ್ಲಿ ಶಿವಗಂಗವ್ವ ಯಾರೂ ಇಲ್ರಿ. ನಾ ಕಾಂಚನ. ಲೈನ್‌ಮನ್ನರ ಮನಿಯಾಕಿ.’

ಮುದುಕಿಯ ತುಟಿ ಅಲ್ಲಾಡುತ್ತಿತ್ತು. ಏನೋ ಕೈಯಿಂದ ಜಾರಿತೆನ್ನುವಂತೆ ಅತ್ತಿತ್ತ ನೋಡಿದಳು, ಆಮೇಲೆ ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ಹೊರಟುಬಿಟ್ಟಳು. ಸ್ವಲ್ಪ ಹೊತ್ತಿಗೆ ನೋಡಿದರೆ ಮತ್ತೆ ಬಂದಳು. ಮತ್ತೆ ಅದೇ ಕಾಳು, ಅದೇ ಶಿವಗಂಗವ್ವ. ನಾನೂ ಹಟಮಾರಿಯೇ, ಮತ್ತೆ ತಿದ್ದಿದೆ. ಅವಳು ಮತ್ತೆ ಬಸ್‌ಸ್ಟ್ಯಾಂಡಿಗೆ ಹೋದಳು. ಆ ಬಿಸಿಲಿನಲ್ಲಿ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡು ಬಾಗಿಲು ಹಾಕಿಕೊಂಡೆ.

ಮರುದಿನ ಸಂಜೆ ಪ್ಲಾಟಿನಲ್ಲಿ ದೊಡ್ಡ ಗದ್ದಲ. ಮುರಗೆಪ್ಪ ಎನ್ನುವ ದ್ರಾಕ್ಷಿ ತೋಟದ ಯಜಮಾನ ಪಾಟೀಲರ ಮನೆಯ ಮುಂದೆ ನಿಂತು ಹರಿಹಾಯುತ್ತಿದ್ದ. ಕುಬಸಕ್ಕೆ ಅರ್ಧ ಊರಿಗೆ ಹೇಳಿಕೆ ಹೋಗಿತ್ತು, ಅವನ ಮನೆಯೂ ಸೇರಿ ಉಳಿದರ್ಧಕ್ಕೆ ಹೋಗಿರಲಿಲ್ಲ. ‘ನಮ್ಮ ಮನೀ ಬಾಗಲಾ ನಿಮಗ ಕಾಣ್ಲಿಲ್ಲೇನ? ನಾವೇನ ಊರ ಬಿಟ್ಟ ಹೋಗೇವೇನ?’ ಎಂದು ಕೂಗುತ್ತಿದ್ದ. ಪಾಟೀಲರು ಕೈಮುಗಿದು ಕರೆದುಕೊಂಡು ಹೋಗಿ ಉಣ್ಣಿಸುವ ಹೊತ್ತಿಗೆ ಸಾಕುಬೇಕಾಯಿತು. ಅವನು ಹೋಳಿಗೆ ತಿನ್ನುವಾಗಲೂ ಮುಖ ಬಿಗಿದುಕೊಂಡೇ ಇದ್ದನಂತೆ. ತಿಂದದ್ದು ಮಾತ್ರ ಕಡಿಮೆಯೇನಲ್ಲ ಎಂದು ಬಡಿಸಿದವರು ಹೇಳಿದರು.

ಅದರ ಮರುದಿನ ಮುದುಕಿ ಬಟ್ಟಲಿಲ್ಲದೆ ಬಂದು ನನ್ನ ಮೆಟ್ಟಿಲ ಮೇಲೆ ಕೂತಳು. ಹೆಸರು ಮಲಕವ್ವ ಎಂದಳು. ನಾನು ಚಹಾ ಕೊಟ್ಟೆ. ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದು, ಬಾಯಿ ಒರೆಸಿ ಹೇಳಿದಳು:

‘ತಂಗಿ, ನೀ ಕಾಂಚನ ಅನ್ನೂದು ನನಗ ಗೊತ್ತೈತಿ. ನಾ ಶಿವಗಂಗವ್ವಾ ಅಂದಾಗ ನೀ ಬರೇ ಹೂಂ ಅನ್ನು. ಅಷ್ಟ ಸಾಕು. ನೀ ಅಲ್ಲಾ ಅಂದ್ರ ಮುಂದಿನ ಮನಿಗೋಳು ನನಗ ಸಿಗೂದಿಲ್ಲ.’

‘ಸಿಗೂದಿಲ್ಲ ಅಂದ್ರ? ಮುರಗೆಪ್ಪನ ಮನಿ ಎದ್ದ ಕಾಣ್ತೈತಲ್ಲ, ಎರಡ ಮಜಲಿನ್ದು.’

‘ಅದು ಈ ಪ್ಲಾಟಿನ ಮನಿ. ನಾ ಕರಿಯೂದು ಈ ಪ್ಲಾಟಿನ್ಯಾಗ ಅಲ್ಲ.’

ಹುಚ್ಚು ಎನ್ನುವುದು ಖಾತ್ರಿಯಾಯಿತೆಂದು ಒಳಗೊಳಗೇ ನಕ್ಕೆ. ಆದರೆ ಅವಳು ಹೇಳುತ್ತಾ ಹೋದಂತೆ ನನ್ನ ನಗು ತಾನಾಗಿ ನಿಂತಿತು.

ಮಲಕವ್ವ ಅಥಣಿ ಕಡೆಯ ಅನಂತಪುರದ ಮಗಳು. ಆ ಹೊಳೆದಂಡೆಯ ಊರಿಗೆ ಸೊಸೆಯಾಗಿ ಬಂದಾಗ ಅವಳ ಅತ್ತೆಯೇ ಊರಿಗೆ ಕರೆಯುವವಳು. ಯಾರ ಮನೆಯಲ್ಲಿ ಏನೇ ಕಾರ್ಯವಿರಲಿ, ಬಾಗಿಲು ಬಾಗಿಲಿಗೆ ಹೋಗಿ ಹೇಳಿಕೆ ಕೊಡುವ ಕೆಲಸ ಆ ಮನೆತನದ ಹೆಂಗಸರದು. ಅತ್ತೆಗೆ ಮೊಣಕಾಲು ಹಿಡಿದ ಮೇಲೆ ಸೊಸೆಯ ಕೈಗೆ ಬಟ್ಟಲು ಬಂತು. ಓದು ಬರಹವಿಲ್ಲ, ಊರು ಹೊಸದು, ಎಲ್ಲರ ಹೆಸರೂ ಒಂದೇ ಥರ. ಮೊದಲ ಸಲವೇ ಯಾರನ್ನೋ ಬಿಟ್ಟು ಬಂದು ಬೈಸಿಕೊಂಡಳು. ಆಗ ಅತ್ತೆ ಕೂಡಿಸಿಕೊಂಡು ಹೇಳಿಕೊಟ್ಟಳಂತೆ: ‘ಹೆಸರ ಹಿಡೀಬ್ಯಾಡ. ಹೆಸರು ಜಾರತಾವ. ಬಾಗಲಾ ಹಿಡಿ. ಕಣ್ಣ ಮುಚ್ಚಿ ಅಗಸಿಯಿಂದ ಹೊಂಡು, ಓಣಿ ಹಿಡದ ನಡಿ. ಒಂದೊಂದ ಬಾಗಲದಾಗ ಒಂದೊಂದ ಗುರ್ತಾ ಇಡು. ಗುರ್ತಾ ಕಂಡ್ರ ಮಂದಿ ತಾವ ಹೊರಗ ಬರ್ತಾರ.’

ಹಾಗೆ ಅವಳು ಊರನ್ನು ತಲೆಯೊಳಗೆ ಇಟ್ಟುಕೊಂಡಳು. ಊರ ಹೆಬ್ಬಾಗಿಲು ಅಗಸಿ ದಾಟಿದರೆ ಪಾಟೀಲರ ಕಟ್ಟೆ, ಮೇಲೆ ಒಣಗಲು ಹರವಿದ ತಂಬಾಕು. ಮುಂದೆ ಬಡಿಗೇರರ ಮನೆ, ಕಟ್ಟಿಗೆ ಹೊಟ್ಟಿನ ವಾಸನೆ. ಆಮೇಲೆ ಗಾಲಿ ಮುರಿದ ಬಾವಿ. ಬಾವಿ ಬಿಟ್ಟು ಎಡಕ್ಕೆ ಹೊರಳಿದರೆ ಅವಳದೇ ಮನೆ, ಅದಕ್ಕೆ ಅಂಟಿಕೊಂಡು ಶಿವಗಂಗವ್ವನ ಮನೆ. ಅದರ ಮುಂದೆ ಕರಿಕಲ್ಲಿನ ಖಾಲಿ ಕಟ್ಟೆ, ಎದುರಿಗೆ ಮುರಗೆಪ್ಪನ ಮನೆ, ಅಂಗಳದಲ್ಲಿ ನುಗ್ಗೆ ಗಿಡ. ಹೀಗೆ ಕೊನೆಗೆ ಹೊಳೆಯ ಮೆಟ್ಟಿಲಿನ ತನಕ. ಸಂತೆಗೆ ಹೋಗುವಾಗಲೂ ಇದೇ ಯುಕ್ತಿ. ಬೆಲ್ಲ ತರಬೇಕಿದ್ದರೆ ಪಾಟೀಲರ ಕಟ್ಟೆಯ ಮೇಲೆ ಬೆಲ್ಲದ ಪೆಂಟೆ ಇಟ್ಟು ಹೋಗುವುದು, ಉಪ್ಪು ಬೇಕಿದ್ದರೆ ಬಾವಿಯ ದಂಡೆಯ ಮೇಲೆ ಚೆಲ್ಲುವುದು. ಸಂತೆಯಲ್ಲಿ ನಿಂತು ಮನಸ್ಸಿನಲ್ಲೇ ಓಣಿ ಹಿಡಿದು ನಡೆದರೆ ಎಲ್ಲ ಸಾಮಾನೂ ಕಾಣುತ್ತವೆ.

ಊರು ಹೋಯಿತು, ಆದರೆ ತಲೆಯೊಳಗಿನ ಓಣಿ ಹೋಗಲಿಲ್ಲ. ಪ್ಲಾಟಿಗೆ ಬಂದ ಮೇಲೂ ಅವಳು ಹಳೆಯ ಓಣಿಯ ಸಾಲಿನಲ್ಲೇ ಕರೆಯುತ್ತಿದ್ದಳು. ಬಸ್‌ಸ್ಟ್ಯಾಂಡು ಅವಳಿಗೆ ಅಗಸಿ. ಅಲ್ಲಿಂದ ಹೊರಟು, ಹಳೆಯ ಊರಿನಲ್ಲಿ ಯಾರ ಪಕ್ಕ ಯಾರಿದ್ದರೋ ಅದೇ ಸಾಲಿನಲ್ಲಿ ಅವರ ಹೊಸ ಮನೆಗಳನ್ನು ಹುಡುಕಿಕೊಂಡು ಹೋಗುವಳು. ಒಂದು ಈ ತುದಿಗೆ, ಮುಂದಿನದು ಆ ತುದಿಗೆ, ಮತ್ತೆ ವಾಪಸ್ಸು ನಡುವಿನ ರಸ್ತೆಗೆ. ಕೌದಿ ಹೊಲಿಯುವ ಸೂಜಿಯ ಹಾಗೆ ಇಡೀ ಪ್ಲಾಟನ್ನು ಅಡ್ಡಾದಿಡ್ಡಿ ದಾಟುವಳು. ಮಗ ಭರತ ಎಷ್ಟೋ ಸಲ ಹೇಳಿ ನೋಡಿದನಂತೆ, ರಸ್ತೆ ಹಿಡಿದು ಸಾಲಾಗಿ ಹೋಗಬಾರದೇ ಎಂದು. ಹಾಗೆ ಹೋದರೆ ಅವಳಿಗೆ ಬರೀ ಕಾಂಪೌಂಡು ಗೋಡೆಗಳು ಕಾಣುತ್ತಿದ್ದವು, ಮನುಷ್ಯರು ಹೊರಗೆ ಬರುತ್ತಿರಲಿಲ್ಲ.

‘ಶಿವಗಂಗವ್ವನ ಮನಿ ಇಲ್ಲಿ ಎಲ್ಲೈತಿ, ಆಯಿ?’ ಎಂದು ಕೇಳಿದೆ.

‘ಇಲ್ಲ,’ ಎಂದಳು. ಬಸಿ ಕೆಳಗಿಟ್ಟು ಶಿವಗಂಗವ್ವನ ಕಥೆ ಹೇಳತೊಡಗಿದಳು.

ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ನಡುವೆ ಒಂದೇ ಗೋಡೆ. ಗೋಡೆಯ ಮೇಲಿಂದ ಮಜ್ಜಿಗೆ, ಹೆಪ್ಪು, ಅಳುವ ಮಗು, ಅತ್ತೆಯ ಮೇಲಿನ ಸಿಟ್ಟು, ಎಲ್ಲ ಆಚೀಚೆ ಆಗುತ್ತಿತ್ತು. ಅತ್ತೆ ಹೇಳಿದ ಓಣಿಯನ್ನು ಮಲಕವ್ವ ಕಲಿತದ್ದೂ ಶಿವಗಂಗವ್ವನ ಜೊತೆಗೆ ನಡೆದು. ಮಲಕವ್ವ ಕಣ್ಣು ಮುಚ್ಚಿ ಹೇಳುವಳು, ಶಿವಗಂಗವ್ವ ಕಣ್ಣು ಬಿಟ್ಟು ನೋಡಿ ಸರಿ ತಪ್ಪು ಹೇಳುವಳು. ಶಿವಗಂಗವ್ವನ ಗಂಡ ಬೇಗ ತೀರಿಹೋದ. ಮನೆ ಮೈದುನನ ಹೆಸರಿನಲ್ಲಿತ್ತು. ಊರು ಎದ್ದಾಗ ಪ್ಲಾಟು ಅವನಿಗೆ ಬಂತು, ಇವಳು ಮಗ ವಿಶಾಲನ ಹಿಂದೆ ಮಹಾರಾಷ್ಟ್ರದ ಮಗ್ಗಗಳ ಊರು ಇಚಲಕರಂಜಿಗೆ ಹೋದಳು. ಹೊಳೆ ಬಂದಾಗ ಊರಿನವರನ್ನೆಲ್ಲ ಶಾಲೆಯಲ್ಲಿ ಇರಿಸಿದ್ದರು. ನೀರಿಳಿದ ಮೇಲೆ ಮಲಕವ್ವ ಕುಸಿದ ಮನೆಯಿಂದ ಸಾಮಾನು ತೆಗೆಯಲು ಹೋಗಿದ್ದ ಹೊತ್ತಿನಲ್ಲಿ ಟೆಂಪೋ ಬಂದು, ಶಿವಗಂಗವ್ವ ಹೊರಟುಹೋದಳು. ಹೋಗಿ ಬರ್ತೇನೆ ಎಂಬ ಒಂದು ಮಾತೂ ಇಲ್ಲ.

ಪ್ಲಾಟಿನಲ್ಲಿ ಅವಳಿಗೆ ಬಾಗಿಲಿಲ್ಲ. ಓಣಿಯಲ್ಲಿ ಮಾತ್ರ ಇದೆ. ಅದನ್ನು ಬಿಟ್ಟು ಮುಂದೆ ಹೆಜ್ಜೆ ಇಟ್ಟರೆ ಮುರಗೆಪ್ಪನ ನುಗ್ಗೆ ಗಿಡ ಕಾಣುವುದಿಲ್ಲ, ಅಲ್ಲಿಂದಾಚೆ ಎಲ್ಲ ಮಸುಕು. ಅದಕ್ಕೆ ಮಲಕವ್ವ ಕಟ್ಟದೆ ಬಿಟ್ಟಿದ್ದ ಒಂದು ಖಾಲಿ ಜಾಗದಲ್ಲಿ ನಿಂತು ಶಿವಗಂಗವ್ವನನ್ನು ಕರೆದು ಮುಂದೆ ಹೋಗುತ್ತಿದ್ದಳು. ಆಮೇಲೆ ಆ ಜಾಗದಲ್ಲಿ ಯಾರೋ ಬಾಡಿಗೆಗೆಂದು ಮನೆ ಕಟ್ಟಿದರು. ಆ ಮನೆಗೆ ನಾವು ಬಂದೆವು.

ಅವತ್ತಿನಿಂದ ನಾನು ಹೂಂ ಎನ್ನತೊಡಗಿದೆ. ಬರೀ ಹೂಂ ಎಂದು ಸುಮ್ಮನಿರುವ ಜಾಯಮಾನ ನನ್ನದಲ್ಲ, ಹೋಗಿ ಉಂಡೂ ಬಂದೆ. ಮೊದಮೊದಲು ಹೆಂಗಸರು ನನ್ನನ್ನು ನೋಡಿ ಪಿಸಪಿಸ ಎನ್ನುತ್ತಿದ್ದರು. ಆಮೇಲೆ ‘ಶಿವಗಂಗವ್ವ ಬಂದ್ಲ ನೋಡ್ರಿ’ ಎಂದು ಚೇಷ್ಟೆ ಮಾಡಿ ಪಕ್ಕಕ್ಕೆ ಕೂಡಿಸಿಕೊಂಡರು. ಸಂಗ್ರಾಮನಂತೂ ಮನೆಗೆ ಬಂದೊಡನೆ ‘ಏನ್ರಿ ಶಿವಗಂಗಾಬಾಯಿ, ಚಹಾ ಸಿಗತೈತೇನ?’ ಎಂದು ಶುರುಮಾಡಿದ. ನಕ್ಕೆ, ಬೈದೆ. ಒಳಗೆ ಒಂದು ಮುಳ್ಳು ಮಾತ್ರ ಉಳಿಯಿತು. ನನ್ನನ್ನು ಕರೆಯುತ್ತಿದ್ದಾರೆ, ಆದರೆ ಕರೆಯುತ್ತಿರುವುದು ನನ್ನನ್ನಲ್ಲ.

ಮಲಕವ್ವನ ಜೊತೆಗೆ ನಾನೂ ಕರೆಯಲು ಹೋಗತೊಡಗಿದ್ದು ಅವಳ ಕಾಲುನೋವಿನಿಂದ. ಬಟ್ಟಲು ನಾನು ಹಿಡಿಯುವುದು, ಅವಳು ನಡೆಯುತ್ತ ಓಣಿ ಹೇಳುವುದು. ‘ಇಲ್ಲಿ ತಗ್ಗು ಐತಿ, ಮಳಿಗಾಲದಾಗ ನೀರ ನಿಲ್ಲತೈತಿ, ದಂಡಿಗುಂಟ ಬಾ’ ಎನ್ನುವಳು. ಕಾಂಕ್ರೀಟು ರಸ್ತೆಯಲ್ಲಿ ನಾನು ದಂಡೆಗೆ ಸರಿಯುವೆ. ‘ಈ ಮನೀ ನಾಯಿ ಕಚ್ಚೂದಿಲ್ಲ, ಬರೇ ಬೊಗಳತೈತಿ’ ಎನ್ನುವಳು. ನಾಯಿ ಸತ್ತು ಯಾವ ಕಾಲವಾಯಿತೋ. ದಿನ ಕಳೆದಂತೆ ನನಗೂ ನೀರು ಕಾಣತೊಡಗಿತು, ನಾಯಿ ಕೇಳಿಸತೊಡಗಿತು. ಮನೆಯಲ್ಲಿ ಕೆಲಸ ಮಾಡುವಾಗಲೂ ಕಣ್ಣು ಮುಚ್ಚಿ ಒಮ್ಮೆ ಅಗಸಿಯಿಂದ ಹೊಳೆಯ ತನಕ ಹೋಗಿ ಬರುತ್ತಿದ್ದೆ. ನನ್ನದು ಎಂದು ಹೇಳಿಕೊಳ್ಳಲು ಒಂದು ಓಣಿ ಇಲ್ಲದವಳಿಗೆ ಅದರಲ್ಲಿ ಎಷ್ಟು ಸುಖವಿತ್ತು ಎಂದು ಹೇಗೆ ಹೇಳಲಿ. ನಿಪ್ಪಾಣಿಯಲ್ಲಿ ನಮ್ಮಪ್ಪನದೂ ಬಾಡಿಗೆ ಮನೆಯೇ ಆಗಿತ್ತು.

ಒಮ್ಮೆ ಸಂಗ್ರಾಮ ಹೊಳೆಸಾಲಿನ ಪಂಪ್‌ಸೆಟ್ಟಿನ ಲೈನ್ ನೋಡಲು ಹೊರಟಾಗ ಹಟ ಹಿಡಿದು ಅವನ ಗಾಡಿಯ ಹಿಂದೆ ಕೂತು ಹೋದೆ. ಹಳೆಯ ಊರನ್ನು ನೋಡುವ ಆಸೆ. ಅಲ್ಲಿ ಊರಿರಲಿಲ್ಲ. ಆಳೆತ್ತರದ ಕಬ್ಬು, ದಂಡೆಯಲ್ಲಿ ಜಾಲಿ ಕಂಟಿ, ಮಣ್ಣಲ್ಲಿ ಅರ್ಧ ಹುಗಿದ ಒಂದು ಹೊಸ್ತಿಲ ಕಲ್ಲು. ಅದು ಯಾರ ಮನೆಯದೆಂದು ಗುರುತು ಹಿಡಿಯಲು ಎಷ್ಟು ಒದ್ದಾಡಿದರೂ ಆಗಲಿಲ್ಲ. ಬಂದು ಮಲಕವ್ವನಿಗೆ ಹೇಳಿದೆ, ನೀವೂ ಒಮ್ಮೆ ಬರ್ರಿ, ಗಾಡಿ ಮ್ಯಾಲ ಕರಕೊಂಡ ಹೋಗ್ತೇವಿ ಎಂದೆ.

‘ಊರ ಬಿಟ್ಟಾಗಿಂದ ನಾ ಅತ್ತ ಹೋಗಿಲ್ಲ, ತಂಗಿ.’

‘ಯಾಕ್ರಿ?’

‘ಹೋದ್ರ ಕಬ್ಬ ಕಾಣತೈತಿ. ಆಮ್ಯಾಲ ನನ್ನ ಓಣ್ಯಾಗೂ ಕಬ್ಬ ಬೆಳೀತೈತಿ.’

ಆ ಮಾತು ಅವತ್ತು ನನಗೆ ಅರ್ಥವಾಯಿತು ಎಂದುಕೊಂಡೆ. ಪೂರ್ತಿ ಅರ್ಥವಾಗಿರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ಮುಂದಿನ ವರ್ಷ ಭರತನ ಹೆಂಡತಿ ಉಜ್ವಲಾ ಹೆಣ್ಣು ಹೆತ್ತಳು. ಆಯುಷ್ಯವಿಡೀ ಬೇರೆಯವರ ಮನೆಯ ಕಾರ್ಯಕ್ಕೆ ಊರು ಕರೆದ ಮಲಕವ್ವನಿಗೆ ಈಗ ತನ್ನ ಮೊಮ್ಮಗಳ ತೊಟ್ಟಿಲು, ಹೆಸರಿಡುವ ಕಾರ್ಯ. ಭರತ ‘ಗ್ರೂಪಿನ್ಯಾಗ ಹಾಕಿಬಿಡ್ತೇನಿ ಬೇ, ಎಲ್ಲಾರೂ ನೋಡ್ತಾರ’ ಎಂದ. ಮಲಕವ್ವ ಕೇಳಲೇ ಇಲ್ಲ. ‘ನನ್ನ ಮನೀ ತೊಟ್ಟಲಾ. ಒಂದ ಬಾಗಲಾ ಬಿಡದಂಗ ನಾನ ಕರೀತೇನಿ’ ಎಂದಳು. ಆ ವಾರವಿಡೀ ಅವಳ ಮುಖದಲ್ಲಿ ಏನೋ ಒಂದು ಕಳೆ. ಒಂದು ಮಧ್ಯಾಹ್ನ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ, ‘ಅಕಿ ಇದ್ದಿದ್ರ ಗ್ವಾಡಿ ಮ್ಯಾಲಿಂದ ಕೈ ಚಾಚಿ ಇಸಗೋತಿದ್ಲು’ ಎಂದಳು. ಅಳಲಿಲ್ಲ, ಆದರೆ ಎಣ್ಣೆಯ ಕೈ ನಿಂತುಹೋಗಿತ್ತು.

ನನಗೆ ಅಲ್ಲಿಯೇ ತಲೆಗೆ ಹೊಕ್ಕಿತು. ಭರತನನ್ನು ಕೇಳಿದರೆ ವಿಶಾಲನ ನಂಬರು ಅವನ ಫೋನಿನಲ್ಲೇ ಇತ್ತು. ‘ಇಷ್ಟ ದಿನಾ ಯಾಕ ಹಚ್ಚಿ ಕೊಡಲಿಲ್ಲ?’ ಎಂದು ಜಗಳ ತೆಗೆದೆ. ‘ಅವ್ವಾನ ಬ್ಯಾಡ ಅಂದ್ಲರಿ,’ ಎಂದ. ‘ಫೋನಿನ್ಯಾಗ ಕರದ್ರ ಕರದಂಗಲ್ಲ, ಹೊಸ್ತಿಲಾ ಬೇಕು ಅಂತಾಳ.’

ನಾನು ಹಚ್ಚಿದೆ. ಮಗ್ಗಗಳ ಸದ್ದಿನ ನಡುವೆ ಒಂದು ದಣಿದ ದನಿ ಮರಾಠಿಯಲ್ಲಿ ಯಾರು ಎಂದು ಕೇಳಿತು. ಹೇಳಿದೆ. ಮಗನ ಫೋನು ಎತ್ತಿದವಳು ಶಿವಗಂಗವ್ವನೇ. ಆಮೇಲೆ ಕನ್ನಡದಲ್ಲಿ ಹೇಳಿದಳು: ‘ನಾ ಏನಂತ ಬರ್ಲಿ ಬಾಯಿ? ಅಲ್ಲಿ ನನಗ ಮನೀನ ಇಲ್ಲ.’

‘ಐತ್ರಿ,’ ಎಂದೆ. ‘ನೀವು ಬರೂತನಕಾ ಅದರಾಗ ನಾ ಅದೇನಿ.’

ಕರೆಯುವ ದಿನ ಮುಂಜಾನೆಯ ಬಸ್ಸಿಗೇ ಶಿವಗಂಗವ್ವ ಬಂದಳು. ಬೆಳ್ಳಗಿನ ತೆಳುಗೂದಲು, ದಪ್ಪ ಕನ್ನಡಕ, ಮರಾಠಿ ಹೆಂಗಸರ ಹಾಗೆ ಉಟ್ಟ ನೈಲಾನ್ ಸೀರೆ, ಕೈಯಲ್ಲಿ ಕೂಸಿಗೆಂದು ಒಂದು ಜೊತೆ ಅಂಗಿ. ಅವಳನ್ನು ಒಳಗೆ ಕೂಡಿಸಿ ಬಾಗಿಲು ಮುಂದೆ ಮಾಡಿದೆ. ಮಲಕವ್ವನಿಗೆ ಹೇಳಿರಲಿಲ್ಲ, ಹೊಟ್ಟೆನೋವೆಂದು ಅವತ್ತು ಅವಳ ಜೊತೆಗೂ ಹೋಗಿರಲಿಲ್ಲ. ಎಂಥ ಸಂತೋಷ ಕೊಡುತ್ತೇನೆ ನೋಡು ಎನ್ನುವ ಉಬ್ಬು ನನಗೆ.

ಮಲಕವ್ವ ಬಂದಳು. ಚಪ್ಪಲಿಯ ಸದ್ದು, ಹೊಸ್ತಿಲ ಮೇಲೆ ಕಾಳು.

‘ಶಿವಗಂಗವ್ವಾ, ನಾಳಿಗಿ ನನ್ನ ಮಮ್ಮಗಳ ತೊಟ್ಟಲಾ ಐತಿ. ತಪ್ಪಸಬ್ಯಾಡ.’

‘ಹೂಂ ಬೇ ಮಲಕೂ,’ ಎಂದು ಒಳಗಿನಿಂದ ಆ ದನಿ ಬಂತು, ಹಿಂದೆಯೇ ಅವಳೂ ಬಂದು ಬಾಗಿಲಲ್ಲಿ ನಿಂತಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನು ಅಪ್ಪಿಕೊಳ್ಳುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅದೂ ಆಯಿತು, ಆದರೆ ಆಮೇಲೆ. ಮೊದಲು ಮಲಕವ್ವ ಗುರುತೇ ಸಿಗದವಳಂತೆ ನಿಂತಳು. ಅವಳ ಓಣಿಯ ಶಿವಗಂಗವ್ವ ಹಿಟ್ಟಿನ ಕೈಯಲ್ಲಿ ಗೋಡೆಯಾಚೆ ನಗುತ್ತಿದ್ದ ಗಟ್ಟಿಮುಟ್ಟಾದ ಹೆಂಗಸು. ಈ ಕನ್ನಡಕದ ಮುದುಕಿ ಅಲ್ಲ. ಅಪ್ಪಿ ಅತ್ತು ಮುಗಿದ ಮೇಲೆ ಮಲಕವ್ವ ಬಟ್ಟಲು ಎತ್ತಿಕೊಂಡು ಮುಂದಕ್ಕೆ ಹೊರಟಳು. ಅಂಗಳ ದಾಟಿ ನಿಂತುಬಿಟ್ಟಳು. ತುಟಿ ಅಲ್ಲಾಡಿತು. ಹಿಂತಿರುಗಿ ನನ್ನನ್ನು ನೋಡಿದಳು.

‘ತಂಗಿ, ಮುಂದ ಯಾರದು?’

ಮಲಕವ್ವ ಬಸ್‌ಸ್ಟ್ಯಾಂಡಿಗೆ ಹೋಗಿ ಮತ್ತೆ ಹೊರಟು ಬಂದಳು. ಪಾಟೀಲರು ಸಿಕ್ಕರು, ಬಡಿಗೇರರು ಸಿಕ್ಕರು, ಬಾವಿ ಸಿಕ್ಕಿತು. ನನ್ನ ಬಾಗಿಲಿಗೆ ಬಂದು ಮತ್ತೆ ನಿಂತಳು. ‘ಕಬ್ಬ,’ ಎಂದಳು ಸಣ್ಣ ದನಿಯಲ್ಲಿ. ‘ಮುಂದೆಲ್ಲಾ ಕಬ್ಬ ನಿಂತೈತಿ.’

ನಾನು ಶಿವಗಂಗವ್ವನ ಕೈ ಹಿಡಿದೆ. ‘ನೀವರ ಹೇಳ್ರಿ. ನಿಮ್ಮ ಮನೀ ಎದುರಿಗೆ ಯಾರಿದ್ರು?’

ಅವಳು ಕನ್ನಡಕ ತೆಗೆದು ಒರೆಸಿದಳು. ‘ನನಗ ನೆನಪಿಲ್ಲ ಬಾಯಿ. ಅಲ್ಲಿ ಹೋದ ಮ್ಯಾಲ ನೆನಸ್ಕೋಬಾರ್ದು ಅಂತ ಬಿಟ್ಟೇನಿ. ನೆನಸ್ಕೊಂಡಿದ್ರ ಆ ಮಗ್ಗದ ಸಪ್ಪಳದಾಗ ನನಗ ದಿನಾ ಕಳೀತಿರಲಿಲ್ಲ.’

ಮಲಕವ್ವ ನನ್ನ ಮೆಟ್ಟಿಲ ಮೇಲೆ ಕುಸಿದು ಕೂತಳು. ಅರ್ಧ ಊರು ಇನ್ನೂ ಬಾಕಿ. ಬೆಳಗಾದರೆ ತೊಟ್ಟಿಲು. ಅವಳ ಮನೆಯ ಕಾರ್ಯಕ್ಕೇ ಅರ್ಧ ಊರಿಗೆ ಹೇಳಿಕೆ ಇಲ್ಲದಂತಾದರೆ ಆ ಮುದುಕಿ ಮತ್ತೆ ಬಟ್ಟಲು ಹಿಡಿಯುತ್ತಿರಲಿಲ್ಲ. ನಾನೇ ಮನೆಗಳನ್ನು ತೋರಿಸುತ್ತಾ ಹೋಗಬಹುದಿತ್ತು, ಬೋರ್ಡುಗಳಿವೆ, ಗೇಟುಗಳಿವೆ. ಆದರೆ ಅವಳಿಗೆ ಬೇಕಾದದ್ದು ಗೇಟುಗಳಲ್ಲ.

ನಾನು ಅವಳ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದೆ.

‘ಆಯಿ, ಶಿವಗಂಗವ್ವನ ಮನೀ ಮುಂದ ಕರೀ ಕಲ್ಲಿನ ಸಣ್ಣ ಕಟ್ಟಿ ಐತಿ. ಅಲ್ಲಿ ಯಾರೂ ಇರೂದಿಲ್ಲ, ಸಂಜೀಕ ಆಡ ಬಂದ ಕೂಡ್ರತಾವ. ಕಟ್ಟಿ ದಾಟಿದ್ರ ತಗ್ಗು. ದಂಡಿಗುಂಟ ಹೋಗ್ರಿ. ಎದುರಿಗೆ ನುಗ್ಗೀ ಗಿಡ. ಕಾಯಿ ಜೋತ ಬಿದ್ದಾವ, ತಲೀ ಬಗ್ಗಿಸಿ ಒಳಗ ಹೋಗಬೇಕು.’

ಅವಳ ಉಸಿರು ನಿಧಾನವಾಯಿತು. ‘ಮುರಗೆಪ್ಪಂದು,’ ಎಂದಳು. ‘ಅವರವ್ವ ಬಾಗಲದಾಗ ಶೇಂಗಾ ಸುಲಿಯಾಕತ್ತಾಳ.’

‘ಹೂಂ. ಆಕಿ ಮಗ್ಗಲಿಗೆ ಬೊಗಳೂ ನಾಯಿ.’

‘ಕಚ್ಚೂದಿಲ್ಲ ಅದು,’ ಎಂದು ಮಲಕವ್ವ ಎದ್ದು ನಿಂತಳು.

ನಾನು ಎಂದೂ ಕಾಣದ ಊರಿನಲ್ಲಿ ಅವಳ ಕೈ ಹಿಡಿದು ಹೊಳೆಯ ಮೆಟ್ಟಿಲಿನ ತನಕ ನಡೆದೆ. ಅವಳು ಎಡವಿದಲ್ಲಿ ನಾನು ಹೇಳಿದೆ, ನಾನು ಮರೆತಲ್ಲಿ ಅವಳು ಹೇಳಿದಳು. ಶಿವಗಂಗವ್ವ ನಮ್ಮ ಹಿಂದೆ ಬರುತ್ತಿದ್ದಳು. ಕೊನೆಯ ಮನೆಯ ಹೊಸ್ತಿಲ ಮೇಲೆ ಕಾಳಿಟ್ಟಾಗ ಅವಳು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಏನಾದರೂ ನೆನಪಾಯಿತೇ ಎಂದು ನಾನು ಕೇಳಲಿಲ್ಲ.

ತೊಟ್ಟಿಲಿಗೆ ಊರೆಲ್ಲ ಬಂತು. ಮೊದಲ ಪಂಕ್ತಿಯಲ್ಲೇ ಮುರಗೆಪ್ಪ ಕೂತಿದ್ದ. ಗೆಳತಿಯರಿಬ್ಬರೂ ಒತ್ತಟ್ಟಿಗೆ ಕೂತು ಉಂಡರು. ಸಂಜೆಯ ಬಸ್ಸಿಗೆ ಶಿವಗಂಗವ್ವ ಹೊರಟಳು. ಹತ್ತುವ ಮುಂಚೆ ಮಲಕವ್ವನ ಕೈ ಹಿಡಿದು, ‘ಹೋಗಿ ಬರ್ತೇನ ಬೇ’ ಎಂದಳು. ಅಷ್ಟು ವರ್ಷ ಹೇಳದೆ ಉಳಿದಿದ್ದ ಮಾತು ಅದು. ಮಲಕವ್ವ ‘ಹೂಂ, ಹೋಗಿ ಬಾ’ ಎಂದಳು.

ನನಗೆ ಆಮೇಲೆ ಭಯ ಹತ್ತಿತು. ಇನ್ನು ಮುಂದೆ ಅವಳಿಗೆ ನನ್ನ ಬಾಗಿಲಲ್ಲಿ ಏನು ಕೆಲಸ? ಬೇರೆಯವರ ಹೆಸರಿನ ಕರೆಯೂ ನಿಂತುಹೋದರೆ ಎಂದು ಯೋಚಿಸಿ ಯೋಚಿಸಿ ಕಂಗಾಲಾದೆ. ಬಡಿಗೇರರ ಮನೆಯ ಮದುವೆ ಬಂತು. ಚಪ್ಪಲಿಯ ಸದ್ದು ಕೇಳಿದಾಗ ಬಾಗಿಲ ಹಿಂದೆ ಹೋಗಿ ನಿಂತೆ. ಸದ್ದು ನಿಂತಿತು. ಕಾಳು ಬಿದ್ದವು.

‘ಕಾಂಚನಾ, ನಾಡದು ಬಡಿಗೇರರ ಮನ್ಯಾಗ ಲಗ್ನ ಐತಿ. ತಪ್ಪಸಬ್ಯಾಡ.’

ಬಾಗಿಲು ತೆಗೆದೆ. ಮಲಕವ್ವನೇ ಹೇಳಿದಳು: ‘ಶಿವಗಂಗೀ ಬಾಗಲಾ ಮುಂದ ಮಾಡೇನಿ. ಅಕಿ ಹೋಗಿ ಬರ್ತೇನಿ ಅಂದಾಳ, ಬಂದಾಗ ತಗೀತೇನಿ. ಮುಂದ ಕರೀ ಕಲ್ಲಿನ ಕಟ್ಟಿ ಖಾಲಿ ಇತ್ತಲ್ಲ, ಅದರ ಮ್ಯಾಲ ನಿನಗೊಂದ ಮನಿ ಕಟ್ಟೇನಿ. ಬಾಗಲದಾಗ ಬಲ್ಬ ಹಚ್ಚೇನಿ ಗುರ್ತಿಗೆ. ಲೈನ್‌ಮನ್ನನ ಮನಿ ಅಲ್ಲೇನ?’

ನಾನು ಬದುಕಿನಲ್ಲಿ ಕಟ್ಟಿಸಿದ ಮನೆ ಅದೊಂದೇ.

ಈಗ ನಾವು ಚಿಂಚಲಿಯಲ್ಲಿದ್ದೇವೆ. ವರ್ಗಾವಣೆ ಬಂದರೆ ಯಾರನ್ನು ಕೇಳುತ್ತದೆ? ಹೊರಡುವ ದಿನ ಮಲಕವ್ವನ ಮನೆಗೆ ಹೋಗಿ, ಹೋಗಿ ಬರ್ತೇನೆ ಎಂದು ಬಾಯಿಬಿಟ್ಟು ಹೇಳಿಯೇ ಬಂದೆ. ಇಲ್ಲಿಯೂ ಕರೆಂಟ್ ಹೋದಾಗ ಜನ ಬರುತ್ತಾರೆ. ಎದುರುಮನೆಯಲ್ಲಿ ಹೋದ ವಾರ ಮದುವೆಯಾಯಿತು, ನಾನು ಒಳಗೆ ಕೂತು ನನ್ನ ಅನ್ನ ಉಂಡೆ. ಕಣ್ಣು ಮುಚ್ಚಿ ಓಣಿ ಹಿಡಿದು ನಡೆಯುತ್ತೇನೆ, ಕರಿಕಲ್ಲಿನ ಕಟ್ಟೆಯ ತನಕ ಬಂದು ನಿಲ್ಲುತ್ತೇನೆ. ಅಲ್ಲಿ ನಿಂತು ಆ ಮುದುಕಿಯ ಚಪ್ಪಲಿಯ ಸದ್ದಿಗೆ ಕಾಯುತ್ತೇನೆ.

ನಿನ್ನೆ ಬೆಳಿಗ್ಗೆ ಫೋನು ಬಂತು. ಸಂಗ್ರಾಮನ ಜಾಗಕ್ಕೆ ಬಂದ ಲೈನ್‌ಮನ್ನನ ಹೆಂಡತಿ ಕೋಮಲ, ನಾವು ಬಿಟ್ಟ ಅದೇ ಮನೆಯಲ್ಲಿರುವವಳು. ದನಿಯಲ್ಲಿ ಸಿಟ್ಟಿತ್ತು.

‘ಅಕ್ಕಾರ, ಇಲ್ಲಿ ಒಬ್ಬಾಕಿ ಮುದುಕಿ ಬಂದ ನನಗ ಕಾಂಚನಾ ಅಂತಾಳ್ರಿ. ನಾ ಅಲ್ಲ ಅಂದ್ರ ಬಸ್‌ಸ್ಟ್ಯಾಂಡಿಗೆ ಹೋಗಿ ಮತ್ತ ಬರ್ತಾಳ. ಈಗೂ ಬಂದ ಬಾಗಲದಾಗ ನಿಂತಾಳ.’

‘ಏನಂತ ಕರದ್ಲು? ಪೂರ್ತಿ ಹೇಳು.’

‘ಕಾಂಚನಾ, ಮುರಗೆಪ್ಪನ ಮನ್ಯಾಗ ಮಗಳ ಲಗ್ನ ಐತಿ, ತಪ್ಪಸಬ್ಯಾಡ ಅಂದ್ಲರಿ. ಫೋನ ಕೊಡ್ಲ್ಯಾ ಆಕಿ ಕೈಯಾಗ?’

ಕೊಡು ಎನ್ನಲು ಬಾಯಿ ತೆರೆದೆ. ಅವಳ ದನಿ ಒಮ್ಮೆ ಕೇಳಿದರೆ ಸಾಕಿತ್ತು. ಆದರೆ ಅವಳು ಓಣಿಯಲ್ಲಿದ್ದಳು, ನಡುವೆ ಮಾತಾಡಿಸಿದರೆ ಮುಂದಿನ ಮನೆಗಳು ಅವಳಿಗೆ ಸಿಗುವುದಿಲ್ಲ.

‘ಬ್ಯಾಡ ತಂಗಿ. ನೀ ಬರೇ ಹೂಂ ಅನ್ನು. ಅಷ್ಟ ಸಾಕು.’

ಕೋಮಲ ಹೂಂ ಎಂದದ್ದು ಫೋನಿನಲ್ಲಿ ಕೇಳಿಸಿತು. ಇಲ್ಲಿ ಚಿಂಚಲಿಯ ಅಡುಗೆಮನೆಯಲ್ಲಿ ನಿಂತು ನಾನೂ ಹೂಂ ಎಂದೆ. ಆಮೇಲೆ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ನುಗ್ಗೆ ಗಿಡದ ಕಡೆ ಹೋಯಿತು.